ರೈತ ಕಟ್ಟಿದ ಪಾರ್ಕು, ಮುಚ್ಚಿ ಮತ್ತೆ ತೆಗೆದ ಹೊಳೆ, ನಮ್ಮೂರ ಹಳ್ಳ

ಕೆರೆಗೆ ನೀರು ತರೋ ಹಳ್ಳಕ್ಕೆ ಸಿಮೆಂಟ್ ಪೈಪ್ ಹಾಕಿ ಮೇಲೆ ಮಣ್ಣು ಮುಚ್ಚೋದು, ಕೆರೆ ಸುತ್ತ ಕಲ್ಲು ಕಟ್ಟಿ ವಾಕಿಂಗ್ ದಾರಿ ಮಾಡೋದು ಅಂತ ಊರಲ್ಲಿ ಮಾತು ನಡೀತಾ ಇದೆ, ನಿಮಗೆಲ್ಲ ಗೊತ್ತೇ ಇದೆ. ಅದಕ್ಕೆ ಹೂಂ ಅನ್ನೋ ಮುಂಚೆ ಒಂದು ಹಳೇ ಸಂಗತಿ ಓದಿ. ಸ್ವಲ್ಪ ಉದ್ದ ಇದೆ, ಹಾಲು ಡೈರಿಗೆ ಹಾಕಿ ಬಂದು ನಿಧಾನಕ್ಕೆ ಓದಿ.

ಹೋದ ತಿಂಗಳು ಕೆರೆ ಅಂಗಳ ಅಳೆಯೋಕೆ ಬಂದಿದ್ದ ಹುಡುಗಿಯನ್ನು ಸುಮಾರು ಜನ ನೋಡಿದ್ದೀರಿ. ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಚರ್ ಓದ್ತಾ ಇದ್ದಾಳೆ. "ಏನವ್ವಾ, ಲಾನ್ ಹಾಕೋದಕ್ಕೂ ಕಾಲೇಜಾ?" ಅಂತ ನಮ್ಮವರೊಬ್ಬರು ಕೇಳಿದರು. ಅವಳು ನಕ್ಕು ಸುಮ್ಮನಾದಳು. ಆದರೆ ಅವಳು ಕೇಳ್ತಿದ್ದ ಪ್ರಶ್ನೆ ಲಾನಿನದ್ದಲ್ಲ. ಕೋಡಿ ಬಿದ್ದ ವರ್ಷ ನೀರು ಎಲ್ಲೀವರೆಗೆ ಬಂತು, ಜೊಂಡು ಯಾವ ಕಡೆ ಬೆಳೆಯುತ್ತೆ, ದನ ಎಲ್ಲಿ ಇಳಿದು ನೀರು ಕುಡಿಯುತ್ತೆ, ಹಕ್ಕಿ ಎಲ್ಲಿ ಕೂರುತ್ತೆ ಅಂತ. ಹೊರಡುವಾಗ, ಈ ವಿದ್ಯೆಗೆ ದಾರಿ ಹಾಕಿಕೊಟ್ಟವನೇ ಒಬ್ಬ ರೈತ ಅಂದಳು. ಆಮೇಲೆ ನಾನೇ ಹುಡುಕಿ ಓದಿದೆ. ನಿಜ.

ಹೆಸರು ಫ್ರೆಡರಿಕ್ ಲಾ ಓಲ್ಮ್‌ಸ್ಟೆಡ್. ಅಮೆರಿಕದ ಕನೆಕ್ಟಿಕಟ್ ರಾಜ್ಯದವನು, ಹುಟ್ಟಿದ್ದು 1822ರಲ್ಲಿ. ಕಣ್ಣಿನ ತೊಂದರೆಯಿಂದ ಓದು ಸರಿಯಾಗಿ ಆಗಲಿಲ್ಲ. ಹಡಗು ಹತ್ತಿ ಚೀನಾಕ್ಕೆ ಹೋಗಿಬಂದ, ಆಮೇಲೆ ಬೇರೆ ರೈತರ ಹತ್ತಿರ ಇದ್ದು ಬೇಸಾಯ ಕಲಿತ. 1848ರಲ್ಲಿ ನ್ಯೂಯಾರ್ಕ್ ಪಕ್ಕದ ಸ್ಟೇಟನ್ ಐಲ್ಯಾಂಡಿನಲ್ಲಿ ಅಪ್ಪ ಕೊಡಿಸಿದ ಜಮೀನಿಗೆ ಬಂದು ಕೂತ. ಅಲ್ಲಿ ಮನೆ ಮುಂದೆಯೇ ಕೊಟ್ಟಿಗೆಗಳು, ಗಾಡಿ ತೊಳೆದು ರಾಡಿಯಾಗಿದ್ದ ಒಂದು ಹೊಂಡ. ಕೊಟ್ಟಿಗೆಗಳನ್ನು ದಿಬ್ಬದ ಹಿಂದಕ್ಕೆ ಸಾಗಿಸಿದ. ಹೊಂಡದ ದಡ ಓರೆ ಮಾಡಿ ಹುಲ್ಲು ಹಿಡಿಸಿ ನೀರುಗಿಡ ಹಾಕಿದ. ಬರೋ ದಾರಿಯನ್ನು ಜಮೀನಿನ ಏರಿಳಿತಕ್ಕೆ ತಕ್ಕ ಹಾಗೆ ಬಾಗಿಸಿದ. ಹೆಚ್ಚು ದುಡ್ಡಿನ ಕೆಲಸ ಅಲ್ಲ, ಇದ್ದದ್ದನ್ನು ಇರಬೇಕಾದ ಕಡೆ ಇಟ್ಟ, ಅಷ್ಟೇ.

1850ರಲ್ಲಿ ಇಂಗ್ಲೆಂಡಿಗೆ ಹೋಗಿ ಅಲ್ಲಿನ ಬೇಸಾಯ ನೋಡಿಬಂದು ಪುಸ್ತಕ ಬರೆದ. ಪುಸ್ತಕದ ಹೆಸರಲ್ಲೇ ತನ್ನನ್ನು 'ಅಮೆರಿಕದ ರೈತ' ಅಂತ ಕರೆದುಕೊಂಡ. ಲಿವರ್‌ಪೂಲ್ ಹತ್ತಿರದ ಬರ್ಕನ್‌ಹೆಡ್‌ನಲ್ಲಿ ಜನಸಾಮಾನ್ಯರಿಗೆ ಅಂತಲೇ ಮಾಡಿದ್ದ ಪಾರ್ಕು ಅವನ ತಲೆಯಲ್ಲಿ ಕೂತಿತು. 1858ರಲ್ಲಿ ಕ್ಯಾಲ್ವರ್ಟ್ ವಾಕ್ಸ್ ಅನ್ನೋ ವಾಸ್ತುಶಿಲ್ಪಿ ಜೊತೆ ಸೇರಿ ಹಾಕಿದ ನಕ್ಷೆ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿಗೆ ಆಯ್ಕೆ ಆಯಿತು.

ಈಗ 843 ಎಕರೆ ಇರೋ ಆ ಪಾರ್ಕಿನ ಫೋಟೋ ಮೊಬೈಲಿನಲ್ಲಿ ನೋಡಿದರೆ ದೇವರೇ ಮಾಡಿದ್ದು ಅನ್ನಿಸುತ್ತೆ. ಆಗ ಅಲ್ಲಿದ್ದದ್ದು ಬಂಡೆ ಮತ್ತು ಜೌಗು. ಅದಕ್ಕೇ ಮೊದಲು ನಡೆದದ್ದು ಬಸಿಗಾಲುವೆ ಕೆಲಸ. ಅಡಿಕೆ ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೂರ್ನಾಲ್ಕು ಅಡಿ ಆಳ ತೋಡಿ, ಸುಟ್ಟ ಮಣ್ಣಿನ ಕೊಳವೆಗಳನ್ನು ಒಂದರ ಪಕ್ಕ ಒಂದು ಜೋಡಿಸಿ ಮಣ್ಣು ಮುಚ್ಚಿದರು. ಸಂದಿನಲ್ಲಿ ಬಸಿ ನೀರು ಒಳಗೆ ಹೋಗಿ ಇಳಿಜಾರಿಗೆ ಹರಿಯುತ್ತೆ. ಈ ಕೆಲಸ ನೋಡಿಕೊಂಡ ಜಾರ್ಜ್ ವೇರಿಂಗ್ ಕೂಡ ಬೇಸಾಯದ ಕಡೆಯವನೇ, ಓಲ್ಮ್‌ಸ್ಟೆಡ್‌ನ ಜಮೀನನ್ನೂ ಕೆಲಕಾಲ ನೋಡಿಕೊಂಡಿದ್ದವನು. ಗಿಡ ನೆಟ್ಟದ್ದು, ಹಾದಿ ಹಾಕಿದ್ದು ಎಲ್ಲ ನೀರಿನ ದಾರಿ ಸರಿಯಾದ ಮೇಲೆ.

ಇಲ್ಲಿ ಇನ್ನೊಂದು ಹೇಳದೆ ಹೋದರೆ ತಪ್ಪಾಗುತ್ತೆ. ಆ ಜಾಗ ಖಾಲಿ ಇರಲಿಲ್ಲ. ಸೆನೆಕಾ ವಿಲೇಜ್ ಅಂತ ಒಂದು ಊರಿತ್ತು. ಸುಮಾರು 225 ಜನ, ಹೆಚ್ಚಿನವರು ಕಪ್ಪು ಜನಾಂಗದವರು, ಎಷ್ಟೋ ಮಂದಿಗೆ ಸ್ವಂತ ಜಾಗ, ಮನೆ, ಅವರದ್ದೇ ಚರ್ಚು, ಶಾಲೆ. ಪಾರ್ಕಿಗೆ ಅಂತ ಭೂಸ್ವಾಧೀನ ಮಾಡಿ 1857ರ ಹೊತ್ತಿಗೆ ಎಲ್ಲರನ್ನೂ ಎಬ್ಬಿಸಿದರು. ಇದು ಓಲ್ಮ್‌ಸ್ಟೆಡ್‌ನ ನಕ್ಷೆಗೂ ಮುಂಚೆ ಆದ ತೀರ್ಮಾನ, ಆದರೂ ಪಾರ್ಕು ನಿಂತಿರೋದು ಆ ಜಾಗದ ಮೇಲೇ. 'ಅಭಿವೃದ್ಧಿ' ಅನ್ನೋ ಮಾತು ಕೇಳಿದಾಗ ನಕ್ಷೆಯ ಜೊತೆಗೆ ಪಹಣಿಯನ್ನೂ ನೋಡಬೇಕು ಅನ್ನೋದು ನಮಗೇನು ಹೊಸದಲ್ಲ ಬಿಡಿ.

ನಾನು ನಿಜವಾಗಿ ಹೇಳಬೇಕು ಅಂದುಕೊಂಡಿದ್ದು ಬಾಸ್ಟನ್ ಊರಿನ ಕಥೆ. ಅಲ್ಲಿ ಮಡ್ಡಿ ರಿವರ್ ಅಂತ ಒಂದು ಸಣ್ಣ ಹೊಳೆ. ಹೆಸರಿನ ಅರ್ಥವೇ ಕೆಸರು ಹೊಳೆ. ಅದೂ ಇನ್ನೊಂದು ತೊರೆಯೂ ಬಂದು ಸೇರೋ ತಗ್ಗಿನಲ್ಲಿ ಸಮುದ್ರದ ಭರತದ ನೀರು ಏರಿ ಇಳಿಯೋದು, ಊರಿನ ಕೊಳಚೆ ಅಲ್ಲೇ ನಿಂತು ನಾರೋದು, ಮಳೆ ಬಂದರೆ ಉಕ್ಕೋದು. ಇಂಥ ಕಡೆ ಎಂಜಿನಿಯರುಗಳ ರೂಢಿಯ ಉಪಾಯ ಅಂದರೆ ಸುತ್ತ ಕಲ್ಲಿನ ಗೋಡೆ. 1879ರ ಹೊತ್ತಿಗೆ ಓಲ್ಮ್‌ಸ್ಟೆಡ್ ಕೊಟ್ಟ ನಕ್ಷೆ ಬೇರೆ. ಕೊಳಚೆಗೆ ಪ್ರತ್ಯೇಕ ದಾರಿ ಮಾಡಿ, ಹೊಳೆಗೆ ಅಂಕುಡೊಂಕಾದ ಪಾತ್ರ, ಎರಡೂ ಕಡೆ ಓರೆ ದಡ, ದಡದ ತುಂಬ ಉಪ್ಪುನೀರು ತಡೆಯೋ ಹುಲ್ಲು. ಪ್ರವಾಹ ಬಂದರೆ ನೀರು ಅಗಲಕ್ಕೆ ಹರಡಿ ಹುಲ್ಲಿನ ಮೇಲೆ ನಿಂತು ಮೆಲ್ಲಗೆ ಇಳಿಯಬೇಕು. ಅದನ್ನು ಪಾರ್ಕು ಅಂತ ಕರೆಯೋದಕ್ಕೂ ಅವನಿಗೆ ಮನಸ್ಸಿರಲಿಲ್ಲ. ಜೌಗು ಅಂತಲೇ ಕರೆದ, 'ಫೆನ್ಸ್'. ನಮ್ಮ ಕೆರೆ ಹಿನ್ನೀರಿನ ಕಡೆ ಏರಿ ಇಲ್ಲದೆ ಸುಮ್ಮನೆ ಇಳಿಜಾರಾಗಿ ಜೊಂಡು, ಹುಲ್ಲು ಇದೆಯಲ್ಲ, ಹೆಚ್ಚುಕಮ್ಮಿ ಅದೇ ಲೆಕ್ಕ.

ಮುಂದೆ ಏನಾಯ್ತು ನೋಡಿ. 1910ರಲ್ಲಿ ಕೆಳಗೆ ಚಾರ್ಲ್ಸ್ ನದಿಗೆ ಅಣೆಕಟ್ಟು ಬಂತು. ಉಪ್ಪುನೀರು ಬರೋದು ನಿಂತು ಸಿಹಿನೀರಾಯ್ತು, ಅವನು ಹಾಕಿದ ಹುಲ್ಲೆಲ್ಲ ಸತ್ತು ಬೇರೆ ಜೊಂಡು ತುಂಬಿತು. 20ನೇ ಶತಮಾನದ ನಡುವಿನಲ್ಲಿ ಹೊಳೆಯ ಒಂದಷ್ಟು ಉದ್ದವನ್ನು ಪೈಪಿಗೆ ಹಾಕಿ ಮೇಲೆ ಮುಚ್ಚಿ, ಕಾರು ನಿಲ್ಲಿಸೋಕೆ ಜಾಗ ಮಾಡಿಕೊಂಡರು. ಎಷ್ಟೋ ವರ್ಷ ಎಲ್ಲ ಚೆನ್ನಾಗೇ ಇತ್ತು. 1996ರ ಅಕ್ಟೋಬರ್‌ನಲ್ಲಿ ಜೋರು ಮಳೆ ಹೊಡೀತು. ಪೈಪು ಹಿಡಿಸೋದು ಅದರ ಬಾಯಿ ಎಷ್ಟೋ ಅಷ್ಟನ್ನೇ. ಉಳಿದ ನೀರು ಉಕ್ಕಿ ಮನೆಗಳಿಗೆ, ನೆಲದಡಿಯ ರೈಲು ನಿಲ್ದಾಣಕ್ಕೆ ನುಗ್ಗಿತು. ಆಮೇಲೆ ವರ್ಷಗಟ್ಟಲೆ ಚರ್ಚೆ ನಡೆದು, ಸರ್ಕಾರದ ದುಡ್ಡು ಸುರಿದು, 2016ರ ಹೊತ್ತಿಗೆ ಆ ಪೈಪು ಕಿತ್ತು ಹೊಳೆಯನ್ನು ಮತ್ತೆ ಬಯಲಿಗೆ ತಂದರು. ದಡ ಮತ್ತೆ ಓರೆ, ಮತ್ತೆ ಹುಲ್ಲು.

"ಸೆಂಟ್ರಲ್ ಪಾರ್ಕಿನಲ್ಲಿ ಅವನೂ ಕೊಳವೆ ಹಾಕಿದ್ದನಲ್ಲ?" ಅಂತ ಯಾರಾದರೂ ಕೇಳಬಹುದು. ಅದು ಮಣ್ಣಿನೊಳಗಿನ ಬಸಿ ನೀರಿಗೆ. ಹಳ್ಳ ಬರೋದು ಮೇಲಿನಿಂದ, ಮರದ ಕೊಂಬೆ, ಮರಳು, ಪ್ಲಾಸ್ಟಿಕ್ ಎಲ್ಲ ಹೊತ್ತುಕೊಂಡು. ಒಂದು ಕೊಂಬೆ ಅಡ್ಡ ಸಿಕ್ಕಿದರೆ ಪೈಪಿನ ಕಥೆ ಮುಗೀತು. ಅಲ್ಲದೆ ಹಳ್ಳದ ತಳದಲ್ಲಿ ಇಂಗೋ ನೀರು ಅಕ್ಕಪಕ್ಕದ ಬೋರಿಗೆ ಹೋಗುತ್ತೆ, ಪೈಪಿನಲ್ಲಿ ಏನೂ ಇಂಗೋದಿಲ್ಲ.

ಕೆರೆ ಸುತ್ತ ಕಲ್ಲು ಕಟ್ಟೋ ವಿಷಯಕ್ಕೂ ನನ್ನ ತಕರಾರು ಇದೇ. ಏರಿಗೆ ಕಲ್ಲು ಇರಲಿ, ಅದು ಬೇಕು. ಹಿನ್ನೀರಿನ ಕಡೆ ದಿಂಡು ಹಾಕಿದರೆ ಮೇಲಿನ ಹೊಲದ ನೀರು ಒಳಗೆ ಬರೋದು ಹೇಗೆ, ದನ ಇಳಿಯೋದು ಹೇಗೆ? ವಾಕಿಂಗ್ ದಾರಿ ಬೇಕೇ ಬೇಕು ಅಂದರೆ ಏರಿ ಮೇಲೇ ಆಗಲಿ.

ಗ್ರಾಮ ನಕ್ಷೆಯಲ್ಲಿ ಹಳ್ಳ ಎಷ್ಟು ಅಗಲ ತೋರಿಸಿದೆ, ಈಗ ಎಷ್ಟು ಉಳಿದಿದೆ ಅಂತ ಅಳತೆ ಹಾಕಿಸೋಣ ಅಂತಿದ್ದೀನಿ. ಅದು ಬ ಖರಾಬು, ಯಾರ ಪಹಣಿಯದ್ದೂ ಅಲ್ಲ. ಮುಂದಿನ ಗ್ರಾಮಸಭೆಗೆ ನಕ್ಷೆ ನಾನು ತರ್ತೀನಿ. ಹಳ್ಳದ ಪಕ್ಕದ ಜಮೀನಿನವರು, ನಮ್ಮ ಮೇಲಿನ ತೋಟದವರೂ ಸೇರಿ, ದಯವಿಟ್ಟು ಬನ್ನಿ. ಹಿಂದೆ ಜೋರು ಮಳೆ ಬಂದಾಗ ನೀರು ಎಲ್ಲಿ ನಿಂತಿತ್ತು ಅನ್ನೋ ಫೋಟೋ ಯಾರ ಹತ್ತಿರ ಇದ್ದರೂ ಕೆಳಗೆ ಹಾಕಿ.