ಕಾಲೇಜಿನಲ್ಲಿ ಕಾವ್ಯಾಭ್ಯಾಸ

ಕವಿತೆ ಬರೆಯುವುದನ್ನು ಕಾಲೇಜಿನಲ್ಲಿ ಕಲಿಸಲಾದೀತೆ? ಹೀಗೆ ಕೇಳಿದೊಡನೆ ಅನೇಕರು ನಕ್ಕುಬಿಡುತ್ತಾರೆ. ಅದು ಹುಟ್ಟಿನಿಂದ ಬರತಕ್ಕ ಭಾಗ್ಯವೇ ಹೊರತು ಪಾಠದಿಂದ ಬರತಕ್ಕುದಲ್ಲ ಎನ್ನುತ್ತಾರೆ. ನಮ್ಮ ಆಲಂಕಾರಿಕರು ಇಷ್ಟು ಅವಸರದಿಂದ ತೀರ್ಪು ಕೊಟ್ಟವರಲ್ಲ. ಮಮ್ಮಟನು ಕಾವ್ಯದ ಹುಟ್ಟಿಗೆ ಮೂರನ್ನು ಒಟ್ಟಾಗಿ ಕಾರಣವೆಂದು ಹೇಳಿದ್ದಾನೆ: ಒಂದು ಶಕ್ತಿ, ಎರಡನೆಯದು ಲೋಕವನ್ನೂ ಶಾಸ್ತ್ರಕಾವ್ಯಗಳನ್ನೂ ನೋಡಿ ಪಡೆದ ನಿಪುಣತೆ, ಮೂರನೆಯದು ಕಾವ್ಯವನ್ನು ಬಲ್ಲವರ ಶಿಕ್ಷಣದಲ್ಲಿ ನಡೆಸಿದ ಅಭ್ಯಾಸ. ಶಕ್ತಿಯನ್ನು ಯಾವ ಕಾಲೇಜೂ ಕೊಡಲಾರದು. ಉಳಿದೆರಡನ್ನು ಕೊಡಬಲ್ಲುದೆ ಎಂಬುದಷ್ಟೇ ವಿಚಾರ. ಇದಕ್ಕೆ ಉತ್ತರವನ್ನು ಹುಡುಕಲು ಮೈಸೂರಿನ ವಿದ್ಯಾಚರಿತ್ರೆಯೇ ಸಾಕು.

ಮೈಸೂರು ವಿಶ್ವವಿದ್ಯಾನಿಲಯವು 1916ರಲ್ಲಿ ಸ್ಥಾಪಿತವಾಯಿತು. ಆಗ ಬೋಧನೆಯ ಭಾಷೆ ಇಂಗ್ಲೀಷು. ಷೇಕ್ಸ್‌ಪಿಯರ್, ವರ್ಡ್ಸ್‌ವರ್ತ್, ಷೆಲ್ಲಿ ಇವರ ಪರಿಚಯದಿಂದ ವಿದ್ಯಾರ್ಥಿಗೆ ನಿಪುಣತೆ ದೊರೆಯುತ್ತಿದ್ದುದು ನಿಜ. ಆದರೆ ಅದು ದೊರೆತದ್ದು ಮನೆಯ ಮಾತಿನಲ್ಲಲ್ಲ. ಆದುದರಿಂದ ಬರೆಯಬೇಕೆಂಬ ಆಸೆ ಹುಟ್ಟಿದ ತರುಣನು ಇಂಗ್ಲೀಷಿನಲ್ಲಿಯೇ ಪದ್ಯ ಕಟ್ಟಲು ತೊಡಗಿದರೆ ಆಶ್ಚರ್ಯವೇನು? ಮುಂದೆ ಕುವೆಂಪು ಎಂದು ಪ್ರಸಿದ್ಧರಾದ ಕೆ. ವಿ. ಪುಟ್ಟಪ್ಪನವರ ಮೊದಲ ಕವನಪುಸ್ತಿಕೆಯೂ ಇಂಗ್ಲೀಷಿನದೇ. ಅದು ಅಚ್ಚಾದುದು 1922ರಲ್ಲಿ. 1924ರಲ್ಲಿ ಐರ್ಲೆಂಡಿನ ಕವಿ ಜೇಮ್ಸ್ ಕಸಿನ್ಸರು ಮೈಸೂರಿಗೆ ಬಂದಾಗ, ಆ ವಿದ್ಯಾರ್ಥಿಯ ಪದ್ಯಗಳನ್ನು ನೋಡಿ, ನಿಮ್ಮ ನುಡಿಯಲ್ಲಿ ಏನನ್ನಾದರೂ ಬರೆದಿದ್ದೀರಾ ಎಂಬ ಅರ್ಥದಲ್ಲಿ ವಿಚಾರಿಸಿ, ತಾಯ್ನುಡಿಯಲ್ಲಿ ಬರೆಯುವಂತೆ ಬುದ್ಧಿ ಹೇಳಿದರು. ಕಾವ್ಯಜ್ಞನ ಶಿಕ್ಷಣವೆಂದರೆ ಇದು. ತಿದ್ದಿದ್ದು ಒಂದೆರಡು ಪಂಕ್ತಿಗಳನ್ನಲ್ಲ, ದಾರಿಯನ್ನೇ.

ಆದರೆ ದಾರಿ ತೋರಿದ ಮಾತ್ರಕ್ಕೆ ನಡೆಯಲು ಬಂದೀತೆ? ಅಭ್ಯಾಸಕ್ಕೆ ಒಂದು ಅಂಗಳ ಬೇಕು. ಆ ಅಂಗಳವನ್ನು ಕಟ್ಟಿಕೊಟ್ಟದ್ದು ಪಠ್ಯಕ್ರಮವಲ್ಲ, ಕಾಲೇಜಿನ ಸಂಘ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಎ. ಆರ್. ಕೃಷ್ಣಶಾಸ್ತ್ರಿಗಳು ಅಲ್ಲಿಯ ಕರ್ಣಾಟಕ ಸಂಘವನ್ನು ಬೆಳೆಸಿ, 1919ರಲ್ಲಿ 'ಪ್ರಬುದ್ಧ ಕರ್ಣಾಟಕ'ವೆಂಬ ಪತ್ರಿಕೆಯನ್ನು ಹೊರಡಿಸಿದರು. ಸಂಘದಲ್ಲಿ ಪರೀಕ್ಷೆಯಿಲ್ಲ, ಅಂಕಗಳಿಲ್ಲ, ದರ್ಜೆಯಿಲ್ಲ. ಆದರೂ ಪರೀಕ್ಷೆಗಿಂತ ಕಠಿನವಾದ ಒಂದು ನಿಯಮ ಅಲ್ಲಿ ಉಂಟು: ಅಚ್ಚಾದ ಬರಹವನ್ನು ಬರೆದವನ ಮುಖ ನೋಡದವರೂ ಓದುತ್ತಾರೆ, ಅವರಿಗೆ ದಾಕ್ಷಿಣ್ಯವಿಲ್ಲ.

ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಇದೇ ಕಾರ್ಯ ಇನ್ನೊಂದು ಬಗೆಯಾಗಿ ನಡೆಯಿತು. ಬಿ. ಎಂ. ಶ್ರೀಕಂಠಯ್ಯನವರು ಅಲ್ಲಿ ಇಂಗ್ಲೀಷು ಅಧ್ಯಾಪಕರು. ಕನ್ನಡ ತಲೆಯೆತ್ತುವ ಬಗೆಯನ್ನು ಕುರಿತು ಅವರು 1911ರಲ್ಲಿಯೇ ಧಾರವಾಡದಲ್ಲಿ ಭಾಷಣ ಮಾಡಿದ್ದರು. ತರಗತಿಯಲ್ಲಿ ತಾವು ಬೋಧಿಸುತ್ತಿದ್ದಂತಹ ಕವಿತೆಗಳನ್ನೇ ಕನ್ನಡಕ್ಕೆ ತಂದು, 1926ರಲ್ಲಿ 'ಇಂಗ್ಲಿಷ್ ಗೀತಗಳು' ಎಂಬ ಸಂಗ್ರಹವನ್ನು ಪ್ರಕಟಿಸಿದರು. ಎರಡನೆಯ ಅಕ್ಷರದ ಪ್ರಾಸದ ಕಟ್ಟನ್ನು ಸಡಲಿಸಿ, ಹಳೆಯ ಮಾತ್ರಾಗಣಗಳನ್ನೇ ಹೊಸ ರೀತಿಯಲ್ಲಿ ಜೋಡಿಸಿ, ಹೊಸ ಪದ್ಯಬಂಧಗಳನ್ನು ಮಾಡಿ ತೋರಿಸಿದರು. ಗುರುವೇ ಶಿಷ್ಯರ ಎದುರಿಗೆ ಅಭ್ಯಾಸಕ್ಕೆ ಕುಳಿತನೆಂದರೆ, ಅದಕ್ಕಿಂತ ಮಿಗಿಲಾದ ಪಾಠವುಂಟೆ?

1927ರಲ್ಲಿ ಕನ್ನಡ ಎಂ. ಎ. ತರಗತಿ ಪ್ರಾರಂಭವಾಯಿತು. ಟಿ. ಎಸ್. ವೆಂಕಣ್ಣಯ್ಯನವರ ಶಿಷ್ಯರಾಗಿ ಆ ಮೊದಲ ತಂಡದಲ್ಲಿ ಪುಟ್ಟಪ್ಪನವರೂ ಡಿ. ಎಲ್. ನರಸಿಂಹಾಚಾರ್ಯರೂ ಓದಿದರು. ಒಬ್ಬರು ಕವಿಯಾದರು; ಇನ್ನೊಬ್ಬರು 'ವಡ್ಡಾರಾಧನೆ'ಯಂತಹ ಪ್ರಾಚೀನ ಗ್ರಂಥಗಳನ್ನು ಸಂಪಾದಿಸಿದ ವಿದ್ವಾಂಸರಾದರು. ತರಗತಿ ಒಂದೇ, ಪಾಠವೂ ಒಂದೇ, ಶಕ್ತಿ ಬೇರೆ. ಮಮ್ಮಟನ ಲೆಕ್ಕ ಸರಿಯಾಗಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಇಂಗ್ಲೀಷು ನಾಡುಗಳ ಕೆಲವು ವಿಶ್ವವಿದ್ಯಾನಿಲಯಗಳು ಬೇರೆ ಮಾರ್ಗ ಹಿಡಿದವು. ಅಮೆರಿಕದ ಅಯೋವಾ ವಿಶ್ವವಿದ್ಯಾನಿಲಯವು 1922ರಲ್ಲಿ, ಉನ್ನತ ಪದವಿಗೆ ಸೃಜನಕೃತಿಯನ್ನೂ ಪ್ರಬಂಧದ ಸ್ಥಾನದಲ್ಲಿ ಸ್ವೀಕರಿಸಲು ಒಪ್ಪಿತು. 1936ರಲ್ಲಿ ಬರಹಗಾರರಿಗಾಗಿಯೇ ಒಂದು ಶಿಕ್ಷಣವ್ಯವಸ್ಥೆಯನ್ನು ಏರ್ಪಡಿಸಿತು. ಅಲ್ಲಿ ಅಭ್ಯಾಸವೇ ಪಠ್ಯವಾಯಿತು. ಇದರಿಂದ ಲಾಭವುಂಟು: ಬರೆಯುವವನ ಶ್ರಮಕ್ಕೆ ಮನ್ನಣೆ, ಸಮಯ, ಪದವಿ ದೊರೆಯುತ್ತವೆ. ಅಪಾಯವೂ ಉಂಟು: ಪರೀಕ್ಷಕನನ್ನು ಮೆಚ್ಚಿಸಿದರೆ ಸಾಕು, ಓದುಗನು ಹೇಗಾದರೂ ಇರಲಿ ಎಂಬ ಭಾವನೆ ಬೆಳೆಯಬಹುದು.

ಬರವಣಿಗೆಯನ್ನು ಪಠ್ಯವಾಗಿ ಇಡಬಾರದೆಂದು ನಾನು ವಾದಿಸುತ್ತಿಲ್ಲ. ಇಟ್ಟರೆ ಸಂಘವನ್ನು ಮುಚ್ಚಬಾರದು ಎನ್ನುತ್ತೇನೆ. ಸಾಹಿತ್ಯವನ್ನು ಓದಿಸಿ ನಿಪುಣತೆ ಕೊಡುವುದು ತರಗತಿಯ ಧರ್ಮ. ಅಭ್ಯಾಸಕ್ಕೆ ಬೇಕಾದುದು ಮೂರು: ಸ್ವಂತ ನುಡಿ, ತಾನೂ ಬರೆಯುವ ಗುರು, ಅಂಕ ಕೊಡದ ಓದುಗ. ಈ ಮೂರೂ ಒಂದೆಡೆ ಸೇರಿದ್ದರಿಂದಲೇ ಆ ಇಪ್ಪತ್ತು ವರ್ಷಗಳಲ್ಲಿ ಎರಡು ಕಾಲೇಜುಗಳಿಂದ ಹೊಸಗನ್ನಡಕ್ಕೆ ಅಷ್ಟು ಫಲ ಬಂದಿತು. ಶಕ್ತಿಯುಳ್ಳ ಹುಡುಗನಾಗಲಿ ಹುಡುಗಿಯಾಗಲಿ ಯಾವ ವರ್ಷ ಯಾವ ತರಗತಿಗೆ ಬಂದು ಕೂರುವರೋ ಯಾರೂ ಮುಂಗಂಡು ಹೇಳಲಾರರು. ಬಂದ ದಿನ ಅಂಗಳದ ಬಾಗಿಲು ತೆರೆದಿರಲಿ.