ಚೀನಾದ ಔತಣ, ಜಾರ್ಜಿಯಾದ ಕೋಳಿಕಾಲು

ಅಮೆರಿಕದ ವಾಷಿಂಗ್ಟನ್, ಅಟ್ಲಾಂಟಾ, ಕೆರೊಲಿನಾಗಳಿಂದ ಕೆಲಸದ ಮೇಲೆ ಚೀನಾಕ್ಕೆ ಹೋಗಿಬರುವವರಲ್ಲಿ ಕನ್ನಡಿಗರೂ ಇದ್ದಾರೆ. ಹಗಲು ಕಾರ್ಖಾನೆ, ಮೀಟಿಂಗ್; ಸಂಜೆ ಔತಣ. ಅಮೆರಿಕ ಮತ್ತು ಚೀನಾ 1979ರ ಜನವರಿ 1ರಂದು ರಾಜತಾಂತ್ರಿಕ ಸಂಬಂಧ ಬೆಳೆಸಿದವು. ಆ ತಿಂಗಳ ಕೊನೆಗೆ ಚೀನಾದ ನಾಯಕ ಡೆಂಗ್ ಷಿಯಾವೊಪಿಂಗ್ ವಾಷಿಂಗ್ಟನ್ನಿಗೆ ಬಂದರು, ಅಲ್ಲಿಂದ ಅಟ್ಲಾಂಟಾಕ್ಕೆ ಹೋಗಿ ಫೋರ್ಡ್ ಕಾರ್ಖಾನೆ ನೋಡಿದರು. ವ್ಯಾಪಾರ ಬೆಳೆದಂತೆ ಔತಣಗಳೂ ಬೆಳೆದವು. ಅಲ್ಲಿ ಅತಿಥಿಯನ್ನು ಬೆಚ್ಚಿಬೀಳಿಸುವ ಪದಾರ್ಥಗಳಲ್ಲಿ ಕೆಲವು ಅತಿಥಿಯ ಮನೆಯ ಆಸುಪಾಸಿನಿಂದಲೇ ಹಡಗು ಹತ್ತಿದಂಥವು.

ಮೇಜಿನ ಕ್ರಮ

ದುಂಡು ಮೇಜು, ನಡುವೆ ತಿರುಗುವ ಗಾಜಿನ ಹಲಗೆ. ಬಾಗಿಲಿಗೆ ಎದುರಾಗಿ ಆತಿಥೇಯ, ಅವರ ಬಲಕ್ಕೆ ಮುಖ್ಯ ಅತಿಥಿ. ಕೂರಿಸಿದಲ್ಲಿ ಕೂರಬೇಕು. ಮೊದಲು ತಣ್ಣನೆಯ ಸಣ್ಣ ಪದಾರ್ಥಗಳು, ಆಮೇಲೆ ಒಂದರ ಹಿಂದೊಂದು ಬಿಸಿಯವು. ಇಡೀ ಮೀನು ಬಂದಾಗ ಅದರ ತಲೆಯನ್ನು ಮುಖ್ಯ ಅತಿಥಿಯ ಕಡೆಗೆ ತಿರುಗಿಸುತ್ತಾರೆ. ಅವರು ಶುರುಮಾಡುವ ತನಕ ಉಳಿದವರು ಕಾಯುತ್ತಾರೆ. ಅನ್ನವೋ ನೂಡಲ್ಸೋ ಬರುವುದು ಕೊನೆಗೆ. ಹಣ್ಣಿನ ತಟ್ಟೆ ಬಂದರೆ ಏಳುವ ಹೊತ್ತಾಯಿತೆಂದೇ ಅರ್ಥ. ಆತಿಥೇಯರು ಪ್ರೀತಿಯಿಂದ ತಮ್ಮ ಕಡ್ಡಿಯಲ್ಲೇ ಒಳ್ಳೆಯ ತುಂಡು ಎತ್ತಿ ಅತಿಥಿಯ ತಟ್ಟೆಗೆ ಹಾಕುವುದುಂಟು. ಕೋವಿಡ್ ನಂತರ ಬಡಿಸಲೆಂದೇ ಬೇರೆ ಕಡ್ಡಿ ಇಡುವ ಪದ್ಧತಿ ಹೆಚ್ಚಾಗಿದೆ. ಎಂಜಲು ನೋಡುವ ನಮ್ಮವರಿಗೆ ಅಷ್ಟರಮಟ್ಟಿಗೆ ನೆಮ್ಮದಿ.

ಕೋಳಿಕಾಲು, ಜೆಲ್ಲಿಫಿಶ್, ಕಪ್ಪು ಮೊಟ್ಟೆ

ಜಾರ್ಜಿಯಾ ರಾಜ್ಯದಲ್ಲಿ, ಅಟ್ಲಾಂಟಾದ ಈಶಾನ್ಯಕ್ಕಿರುವ ಗೇನ್ಸ್‌ವಿಲ್ ತನ್ನನ್ನು ಜಗತ್ತಿನ ಕೋಳಿ ರಾಜಧಾನಿ ಎಂದು ಕರೆದುಕೊಳ್ಳುತ್ತದೆ. ಅಮೆರಿಕನ್ನರು ಎದೆ, ತೊಡೆ, ರೆಕ್ಕೆ ತಿನ್ನುತ್ತಾರೆ. ಪಾದ ಯಾರಿಗೂ ಬೇಡ. ಚೀನಾದಲ್ಲಿ ಅದಕ್ಕೇ ಗಿರಾಕಿ. ಹಕ್ಕಿಜ್ವರದ ಕಾರಣಕ್ಕೆ 2015ರ ಜನವರಿಯಲ್ಲಿ ಚೀನಾ ಅಮೆರಿಕದ ಕೋಳಿಗೆ ಬಾಗಿಲು ಹಾಕಿತು, 2019ರ ನವೆಂಬರ್‌ನಲ್ಲಿ ತೆರೆಯಿತು. ತೆರೆದ ಮೇಲೆ ಭರದಿಂದ ಹೋದದ್ದೂ ಪಾದಗಳೇ. ತಿನ್ನುವ ಕ್ರಮ ಸುಲಭ: ಒಂದೊಂದು ಬೆರಳನ್ನೂ ಗೆಣ್ಣಿನ ಹತ್ತಿರ ಕಚ್ಚಿ, ಮೆತ್ತಗಾದ ಚರ್ಮವನ್ನು ಬಾಯಲ್ಲೇ ಬಿಡಿಸಿಕೊಂಡು, ಸಣ್ಣ ಮೂಳೆಗಳನ್ನು ತಟ್ಟೆಯ ಅಂಚಿಗೆ ಉಗುಳುವುದು. ಉಗುಳಿದರೆ ಅಲ್ಲಿ ಯಾರೂ ತಪ್ಪು ತಿಳಿಯುವುದಿಲ್ಲ.

ಜೆಲ್ಲಿಫಿಶ್‌ನ ಕಥೆಯೂ ಇಂಥದ್ದೇ. ಜಾರ್ಜಿಯಾ ಕರಾವಳಿಯ ಡೇರಿಯನ್ ಎಂಬ ಪುಟ್ಟ ಊರಿನಲ್ಲಿ ಸಿಗಡಿ ದೋಣಿಯವರು ಇದನ್ನು ಬಲೆಗೆ ಹಾಕುತ್ತಾರೆ. ಉಪ್ಪು, ಪಟಿಕ ಹಾಕಿ ನೀರಿಳಿಸಿ ಒಣಗಿಸಿದ ಮಾಲು ಏಷ್ಯಾಕ್ಕೆ ಹೋಗುತ್ತದೆ. ಔತಣದಲ್ಲಿ ಅದನ್ನು ನೆನೆಸಿ, ಎಳೆಯಾಗಿ ಹೆಚ್ಚಿ, ವಿನೆಗರ್ ಮತ್ತು ಎಳ್ಳೆಣ್ಣೆಯಲ್ಲಿ ಕಲಸಿ ಕೊಡುತ್ತಾರೆ. ಅದಕ್ಕೆ ಸ್ವಂತದ ರುಚಿ ಏನೂ ಇಲ್ಲ. ತಿನ್ನುವುದೆಲ್ಲ ಆ ಕರುಮುರು ಸದ್ದಿಗಾಗಿ.

ಕಪ್ಪು ಮೊಟ್ಟೆ ಮಾತ್ರ ಅಪ್ಪಟ ಚೀನೀ ಸರಕು. ಬಾತುಮೊಟ್ಟೆಯನ್ನು ಸುಣ್ಣ, ಬೂದಿ, ಉಪ್ಪಿನ ಕೆಸರಿನಲ್ಲಿ ವಾರಗಟ್ಟಲೆ ಹೂತಿಟ್ಟರೆ ಬಿಳಿಭಾಗ ಕಂದು ಗಾಜಿನಂತಾಗುತ್ತದೆ, ಭಂಡಾರ ಹಸಿರುಬೂದಿ ಬಣ್ಣಕ್ಕೆ ತಿರುಗುತ್ತದೆ. ವಾಸನೆಗೆ ಅಂಜದಿದ್ದರೆ ಇದೇ ಎಲ್ಲಕ್ಕಿಂತ ರುಚಿ ಎನ್ನುವ ಪಕ್ಷ ನನ್ನದು.

ಇನ್ನು ಹಂದಿಮಾಂಸ. ಉತ್ತರ ಕೆರೊಲಿನಾದ ಟಾರ್ ಹೀಲ್‌ನಲ್ಲಿ ದೈತ್ಯ ಸಂಸ್ಕರಣಾ ಘಟಕ ನಡೆಸುವ ಸ್ಮಿತ್‌ಫೀಲ್ಡ್ ಕಂಪನಿಯನ್ನು 2013ರಲ್ಲಿ ಚೀನೀ ಸಂಸ್ಥೆಯೇ ಕೊಂಡುಕೊಂಡಿತು.

ಗ್ಲಾಸಿನ ರಾಜಕಾರಣ

ಬೈಜಿಯು ಜೋಳದಿಂದ ಇಳಿಸುವ ಮದ್ಯ. ಹೆಸರಾಂತ ಮಾವೊತಾಯ್‌ನಲ್ಲಿ ಆಲ್ಕೋಹಾಲ್ ಶೇ. 53. ಹಿರಿಯರ ಗ್ಲಾಸಿಗಿಂತ ನಮ್ಮದನ್ನು ತಗ್ಗಿಸಿ ತಾಗಿಸುವುದು ಮರ್ಯಾದೆ. 1972ರ ಫೆಬ್ರವರಿಯಲ್ಲಿ ಅಮೆರಿಕದ ಅಧ್ಯಕ್ಷ ರಿಚರ್ಡ್ ನಿಕ್ಸನ್ ಬೀಜಿಂಗ್‌ಗೆ ಹೋಗುವ ಮುನ್ನ, ತಯಾರಿ ನೋಡಲು ಹೋಗಿದ್ದ ಅವರ ಸಹಾಯಕ ಅಲೆಕ್ಸಾಂಡರ್ ಹೇಗ್ ಇದರ ಖದರು ಕಂಡು, ಅಧ್ಯಕ್ಷರು ಯಾವ ಕಾರಣಕ್ಕೂ ಇದನ್ನು ಕುಡಿಯಬಾರದೆಂದು ತಂತಿ ಕಳಿಸಿದ್ದರು. ನಿಕ್ಸನ್ ಗುಟುಕರಿಸಿಯೇಬಿಟ್ಟರು. ವಾಪಸು ಬಂದು, ಈ ಮದ್ಯಕ್ಕೆ ಬೆಂಕಿ ಹತ್ತುವುದನ್ನು ಮಗಳಿಗೆ ತೋರಿಸಲು ಹೋದಾಗ ಬಟ್ಟಲು ಒಡೆದು ಮೇಜಿಗೇ ಉರಿ ಹಬ್ಬಿತಂತೆ. 1974ರಲ್ಲಿ ಡೆಂಗ್ ಅವರಿಗೆ ಅಮೆರಿಕದ ವಿದೇಶಾಂಗ ಸಚಿವ ಹೆನ್ರಿ ಕಿಸಿಂಜರ್ ಹೇಳಿ ನಗಿಸಿದ ಪ್ರಸಂಗವಿದು. ಕುಡಿಯದವರು ಶುರುವಿನಲ್ಲೇ ಹೇಳಿ ಚಹಾದ ಲೋಟ ಎತ್ತಿದರೆ ಸಾಕು. ಒಂದು ಸುತ್ತು ಕುಡಿದು ಆಮೇಲೆ ಬೇಡವೆಂದರೆ ಬಿಡುವವರಿಲ್ಲ.

ಸಸ್ಯಾಹಾರಿಯ ಪಾಡು

ಮಾಂಸ ಬೇಡ ಎಂದಷ್ಟೇ ಹೇಳಿದರೆ ಬೀನ್ಸಿನ ಮೇಲೆ ಹಂದಿಯ ಖೀಮಾ ಉದುರಿಸಿ ತಂದುಕೊಡುತ್ತಾರೆ. ಸೊಪ್ಪಿಗೂ ಆಯ್ಸ್ಟರ್ ಸಾಸ್ ಬಿದ್ದಿರುತ್ತದೆ. ಬೌದ್ಧ ಸನ್ಯಾಸಿಗಳ ಊಟ ಬೇಕು ಎಂದರೆ ಅಡುಗೆಯವರಿಗೆ ತಕ್ಷಣ ತಿಳಿಯುತ್ತದೆ. ಅದರಲ್ಲಿ ಈರುಳ್ಳಿ, ಬೆಳ್ಳುಳ್ಳಿ ಕೂಡ ಇಲ್ಲ. ಮಡಿ ಅಡುಗೆಯವರಿಗೂ ನಡೆಯುತ್ತದೆ. ಶಾಂಘೈನ ಗೊಂಗ್‌ಡೆಲಿನ್ ಹೋಟೆಲು 1922ರಿಂದ ಇಂಥ ಅಡುಗೆಗೆ ಹೆಸರಾಗಿದೆ. ಅಲ್ಲಿ ತೋಫು, ಗೋಧಿಯ ಅಂಟಿನಿಂದ ಬಾತುಕೋಳಿಯನ್ನೇ ಹೋಲುವ ಖಾದ್ಯ ಮಾಡಿ ಬಡಿಸುತ್ತಾರೆ, ಅದನ್ನು ನೋಡಿಯೇ ಕೈ ಹಿಂದೆಗೆಯುವ ಸಸ್ಯಾಹಾರಿಗಳೂ ಉಂಟು.

ಬಿಲ್ಲು ಮತ್ತು ಕಾನೂನು

ಬಿಲ್ಲನ್ನು ಸಮಪಾಲು ಮಾಡುವ ರೂಢಿ ಔತಣದಲ್ಲಿ ಇಲ್ಲ. ಕರೆದವರು ಕೊಡುತ್ತಾರೆ, ಅತಿಥಿ ಹೊರಡುವ ಮುನ್ನ ತಿರುಗಿ ಒಂದು ಔತಣ ಏರ್ಪಡಿಸುವುದು ಮರ್ಯಾದೆ. ಎದುರಿಗಿರುವುದು ಸರ್ಕಾರಿ ಉದ್ಯಮವಾದರೆ ಅಮೆರಿಕದ 1977ರ ವಿದೇಶಿ ಲಂಚ ತಡೆ ಕಾಯಿದೆ ನೆನಪಿರಬೇಕು. ಮಿತಿಮೀರಿದ ಆತಿಥ್ಯವನ್ನೂ ಅದು ಲಂಚವೆಂದು ನೋಡಬಹುದು. ಚೀನಾವೂ 2012ರ ಡಿಸೆಂಬರ್‌ನಿಂದ ಅಧಿಕಾರಿಗಳ ದುಂದಿಗೆ ಕಡಿವಾಣ ಹಾಕುತ್ತ ಬಂದಿದೆ. 2013ರಲ್ಲಿ ಸರ್ಕಾರಿ ಔತಣಗಳಿಂದ ಶಾರ್ಕ್ ರೆಕ್ಕೆಯ ಸೂಪನ್ನು ತೆಗೆಸಿತು, 2020ರಲ್ಲಿ ನೆಲದ ಕಾಡುಪ್ರಾಣಿಗಳನ್ನು ತಿನ್ನುವುದನ್ನೇ ನಿಷೇಧಿಸಿತು, 2025ರಲ್ಲಿ ಅಧಿಕಾರಿಗಳ ಕೆಲಸದ ಊಟದಿಂದ ಮದ್ಯವನ್ನೂ ಹೊರಗಿಟ್ಟಿತು. ಖಾಸಗಿ ಕಂಪನಿಗಳ ಮೇಜಿನಲ್ಲಿ ಬೈಜಿಯು ಈಗಲೂ ಸುತ್ತುತ್ತಲೇ ಇದೆ.