ಹುದ್ದೆ ಖಾಲಿಯಾದ ದಿನ, ನೇಮಕವಾದ ದಿನ: ಜಿಲ್ಲಾ ನ್ಯಾಯಾಧೀಶರ ಜ್ಯೇಷ್ಠತಾ ವ್ಯಾಜ್ಯಗಳ ಅಧ್ಯಯನ

ಜಿಲ್ಲಾ ನ್ಯಾಯಾಧೀಶರ ಹುದ್ದೆಗೆ ಇಂದು ಮೂರು ದಾರಿಗಳಿವೆ. ಹಿಂದೆ ಮುನ್ಸೀಫ್ ಎನ್ನುತ್ತಿದ್ದ ಸಿವಿಲ್ ನ್ಯಾಯಾಧೀಶರ ಹುದ್ದೆಯಿಂದ ಸೇವೆ ಆರಂಭಿಸಿ, ತಾಲ್ಲೂಕಿನಿಂದ ತಾಲ್ಲೂಕಿಗೆ ವರ್ಗವಾಗುತ್ತ ಬಡ್ತಿಯಲ್ಲಿ ಮೇಲೆ ಬರುವವರು ಒಂದು ಬಗೆ. ಹಿರಿಯ ಸಿವಿಲ್ ನ್ಯಾಯಾಧೀಶರಾಗಿದ್ದು ಸೀಮಿತ ಇಲಾಖಾ ಸ್ಪರ್ಧಾತ್ಮಕ ಪರೀಕ್ಷೆ ಬರೆದು ಬೇಗ ಬರುವವರು ಇನ್ನೊಂದು. ಏಳು ವರ್ಷಕ್ಕೆ ಕಡಿಮೆಯಿಲ್ಲದ ವಕೀಲಿಕೆಯ ಬಲದಿಂದ ನೇರವಾಗಿ ನೇಮಕಗೊಳ್ಳುವವರು ಮೂರನೆಯವರು. ಒಳಗೆ ಬಂದ ಮೇಲೆ ಮೂವರ ಅಧಿಕಾರವೂ ಒಂದೇ, ವೃಂದವೂ ಒಂದೇ. ಆದರೆ ಜ್ಯೇಷ್ಠತಾ ಪಟ್ಟಿಯಲ್ಲಿ ಯಾರ ಹೆಸರು ಯಾರ ಮೇಲೆ ಎಂಬ ಪ್ರಶ್ನೆ ಅರ್ಧ ಶತಮಾನದಿಂದ ನ್ಯಾಯಾಧೀಶರನ್ನೇ ಕಕ್ಷಿದಾರರನ್ನಾಗಿ ನಿಲ್ಲಿಸಿದೆ. ಈ ವ್ಯಾಜ್ಯಗಳನ್ನು ಸಾಮಾನ್ಯವಾಗಿ ಕೋಟಾದ ಜಗಳವೆಂದು ಓದುತ್ತಾರೆ. ತೀರ್ಪುಗಳನ್ನು ಕಾಲಕ್ರಮದಲ್ಲಿಟ್ಟು ಓದಿದರೆ ಬೇರೊಂದು ಬೇರು ಕಾಣುತ್ತದೆ. ಹುದ್ದೆ ಖಾಲಿಯಾದ ದಿನಕ್ಕೂ ಅದು ಭರ್ತಿಯಾದ ದಿನಕ್ಕೂ ನಡುವೆ ಬಿದ್ದ ಅಂತರವೇ ಆ ಬೇರು ಎಂಬುದು ಈ ಲೇಖನದ ವಾದ.

ಪಟ್ಟಿಯಲ್ಲಿ ನಾಲ್ಕು ಸ್ಥಾನ ಹಿಂದೆ ಸರಿದರೆ ಏನು ಮಹಾ ನಷ್ಟ ಎಂದು ಹೊರಗಿನವರಿಗೆ ಅನ್ನಿಸಬಹುದು. ಹೆಚ್ಚಿನ ರಾಜ್ಯಗಳಲ್ಲಿ ಜಿಲ್ಲಾ ನ್ಯಾಯಾಧೀಶರ ನಿವೃತ್ತಿ ವಯಸ್ಸು 60. ನೇರವಾಗಿ ಬರುವವರು ಸಾಮಾನ್ಯವಾಗಿ 35ರಿಂದ 45ರೊಳಗಿನವರು; ಬಡ್ತಿಯವರಲ್ಲಿ ಅನೇಕರು ಜಿಲ್ಲಾ ಪೀಠ ಏರುವಾಗ ಸೇವೆಯ ದೊಡ್ಡ ಪಾಲು ಮುಗಿದಿರುತ್ತದೆ. ಪ್ರಧಾನ ಜಿಲ್ಲಾ ಮತ್ತು ಸತ್ರ ನ್ಯಾಯಾಧೀಶರ ಹುದ್ದೆ, ಆಯ್ಕೆ ಶ್ರೇಣಿ, ಅದರ ಮೇಲಿನ ಸೂಪರ್ ಟೈಮ್ ಶ್ರೇಣಿ, ಕೊನೆಗೆ ಹೈಕೋರ್ಟ್ ನ್ಯಾಯಮೂರ್ತಿ ಹುದ್ದೆಗೆ ಪರಿಗಣನೆ, ಇವೆಲ್ಲವೂ ಆ ಪಟ್ಟಿಯನ್ನು ಹಿಡಿದೇ ಬರುತ್ತವೆ. ನಾಲ್ಕು ಸ್ಥಾನ ಹಿಂದಾದವರು ತಮ್ಮ ಸರದಿ ಬರುವ ಮೊದಲೇ ನಿವೃತ್ತರಾಗಬಹುದು. ಮೂವತ್ತು ವರ್ಷ ಸಾಕ್ಷಿ ಬರೆದುಕೊಂಡ ಕೈಗೆ ಇದು ಸಣ್ಣ ವಿಷಯವಲ್ಲ.

ಸಂವಿಧಾನದ 233ನೇ ವಿಧಿ ಜಿಲ್ಲಾ ನ್ಯಾಯಾಧೀಶರ ನೇಮಕವನ್ನು ಹೈಕೋರ್ಟಿನ ಸಮಾಲೋಚನೆಯೊಂದಿಗೆ ರಾಜ್ಯಪಾಲರಿಗೆ ಒಪ್ಪಿಸುತ್ತದೆ. 235ನೇ ವಿಧಿ ಅಧೀನ ನ್ಯಾಯಾಲಯಗಳ ನಿಯಂತ್ರಣವನ್ನು ಹೈಕೋರ್ಟಿಗೆ ಕೊಡುತ್ತದೆ. ಜ್ಯೇಷ್ಠತೆಯ ಬಗ್ಗೆ ಸಂವಿಧಾನ ಏನನ್ನೂ ಹೇಳುವುದಿಲ್ಲ. ನೇರ ನೇಮಕಾತಿಯ ಬಾಗಿಲಲ್ಲಿ ಯಾರು ಬರಬಹುದು ಎಂಬುದೂ 1966ರ ಚಂದ್ರಮೋಹನ್ ಪ್ರಕರಣದವರೆಗೆ ತಿಳಿಯಾಗಿರಲಿಲ್ಲ. ಉತ್ತರ ಪ್ರದೇಶದಲ್ಲಿ ಕಾರ್ಯಾಂಗದ ಅಧಿಕಾರಿಗಳನ್ನು ಆ ಬಾಗಿಲಲ್ಲಿ ಒಳಗೆ ಬಿಟ್ಟದ್ದನ್ನು ಸುಪ್ರೀಂ ಕೋರ್ಟ್ ಆಗ ರದ್ದುಪಡಿಸಿತು. ಹಳೆಯ ನೇಮಕಗಳನ್ನು ಉಳಿಸಿಕೊಳ್ಳಲು ಅದೇ ವರ್ಷ ಇಪ್ಪತ್ತನೆಯ ತಿದ್ದುಪಡಿಯನ್ನೇ ತರಬೇಕಾಯಿತು.

ಸಮಸ್ಯೆಯ ನಿಜವಾದ ಆಳ ಕಾಣುವುದು ದೆಹಲಿಯಲ್ಲಿ. 1970ರ ದೆಹಲಿ ಉನ್ನತ ನ್ಯಾಯಾಂಗ ಸೇವಾ ನಿಯಮಗಳ 7ನೇ ನಿಯಮ ನೇರ ನೇಮಕಾತಿಗೆ ಮೂರನೇ ಒಂದು ಪಾಲಿನ ಮಿತಿ ಹಾಕಿತ್ತು. 8ನೇ ನಿಯಮ ಸರದಿಯನ್ನು ಹೇಳಿತ್ತು: ಮೊದಲ ಖಾಲಿ ಹುದ್ದೆ ನೇರವಾಗಿ ಬಂದವರಿಗೆ, ಮುಂದಿನ ಎರಡು ಬಡ್ತಿಯವರಿಗೆ. ಇಷ್ಟೇ ಇದ್ದಿದ್ದರೆ ಲೆಕ್ಕ ಸುಲಭವಿತ್ತು. ಆದರೆ 16 ಮತ್ತು 17ನೇ ನಿಯಮಗಳು ತಾತ್ಕಾಲಿಕ ಹುದ್ದೆಗಳಿಗೂ ತಾತ್ಕಾಲಿಕ ನೇಮಕಗಳಿಗೂ ಅವಕಾಶ ಕೊಟ್ಟವು. ಮೊಕದ್ದಮೆಗಳ ಹೊರೆ ಹೆಚ್ಚಿದಂತೆ ಬಡ್ತಿಯವರನ್ನು ಈ ನಿಯಮಗಳಡಿ ಕೂರಿಸಲಾಯಿತು. ಅವರು ವರ್ಷಗಟ್ಟಲೆ ಕೊಲೆ ಮೊಕದ್ದಮೆಗಳನ್ನು ವಿಚಾರಣೆ ಮಾಡಿದರು, ಶಿಕ್ಷೆ ವಿಧಿಸಿದರು; ಕಾಗದದಲ್ಲಿ ಮಾತ್ರ ತಾತ್ಕಾಲಿಕರಾಗಿಯೇ ಉಳಿದರು. ಆಮೇಲೆ ಬಂದ ನೇರ ನೇಮಕದವರು ಸರದಿಯ ಲೆಕ್ಕ ಹಿಡಿದು ಅವರ ಮೇಲೆ ಕುಳಿತರು.

1984ರ ಓ.ಪಿ. ಸಿಂಗ್ಲಾ ಪ್ರಕರಣದಲ್ಲಿ ಮುಖ್ಯ ನ್ಯಾಯಮೂರ್ತಿ ವೈ.ವಿ. ಚಂದ್ರಚೂಡ್ ಅವರು ಈ ಗಂಟನ್ನು ಬಿಡಿಸಿದ ರೀತಿ ಇಂದಿಗೂ ಅಭ್ಯಾಸಯೋಗ್ಯ. ಮಿತಿಯಂತೆ ಕಾಣುವ ಮೂರನೇ ಒಂದು ಪಾಲು ನಿಜವಾಗಿ ಕೋಟಾವೇ ಎಂದು ಅವರು ಒಪ್ಪಿದರು. ಆದರೆ ಅರ್ಹತೆ ಇದ್ದು, ಹೈಕೋರ್ಟಿನ ಸಮಾಲೋಚನೆಯೊಂದಿಗೆ ನೇಮಕಗೊಂಡು, ನಿರಂತರವಾಗಿ ಕೆಲಸ ಮಾಡಿದವರ ಸೇವೆಯನ್ನು ಹುದ್ದೆ ತಾತ್ಕಾಲಿಕವೆಂಬ ಒಂದೇ ಕಾರಣಕ್ಕೆ ಅಳಿಸಿಹಾಕಲಾಗದು ಎಂದರು. ಕೇವಲ ತೇಪೆಗಾಗಿ ಕೂರಿಸಿದವರನ್ನು ಮಾತ್ರ ಇದರಿಂದ ಹೊರಗಿಟ್ಟರು. ಆ ‘ತೇಪೆ’ಯ ಅರ್ಥವೇನು ಎಂಬುದೇ ಮುಂದಿನ ಜಗಳವಾಯಿತು. ಸಿಂಗ್ಲಾ ತೀರ್ಪಿನಂತೆ ಪಟ್ಟಿ ಆಗಿಲ್ಲವೆಂದು 1987ರಲ್ಲಿ ಸಲ್ಲಿಕೆಯಾದ ರುದ್ರಕುಮಾರ್ ಸೇನ್ ಅರ್ಜಿ ಸಂವಿಧಾನ ಪೀಠದಲ್ಲಿ ಇತ್ಯರ್ಥವಾದದ್ದು 2000ದಲ್ಲಿ. ಅರ್ಹ ಅಧಿಕಾರಿಯನ್ನು ಕ್ರಮಬದ್ಧ ಸಮಾಲೋಚನೆಯ ನಂತರ ನೇಮಿಸಿ, ಅವರು ದೀರ್ಘಕಾಲ ಕೆಲಸ ಮಾಡಿದ್ದರೆ ಆ ನೇಮಕವನ್ನು ಅಡ್‌ಹಾಕ್ ಎಂದಾಗಲಿ ಆಕಸ್ಮಿಕ ಎಂದಾಗಲಿ ಕರೆಯಲಾಗದು ಎಂದು ಐವರ ಪೀಠ ಹೇಳಿತು. ಒಂದೇ ಊರಿನ, ಒಂದೇ ಸೇವೆಯ, ಒಂದೇ ಪ್ರಶ್ನೆಗೆ ಎರಡು ಸುತ್ತಿನ ವ್ಯಾಜ್ಯ. ಎರಡನೆಯ ಸುತ್ತಿಗೇ ಹದಿಮೂರು ವರ್ಷ.

ಎರಡೂ ಕಡೆಯವರ ಅಳಲು ಏಕೆ ಪ್ರಾಮಾಣಿಕ ಎಂಬುದನ್ನು ಒಂದು ಕಲ್ಪಿತ ಉದಾಹರಣೆಯಿಂದ ನೋಡೋಣ. 2013ರಲ್ಲಿ ನೇರ ನೇಮಕಾತಿಯ ಪಾಲಿನ ಒಂದು ಹುದ್ದೆ ಖಾಲಿಯಾಗುತ್ತದೆ. ಅಧಿಸೂಚನೆ 2015ರಲ್ಲಿ, ಪರೀಕ್ಷೆ 2016ರಲ್ಲಿ, ನೇಮಕ 2017ರಲ್ಲಿ. ಈ ನಡುವೆ 2014ರಲ್ಲಿ ಬಡ್ತಿ ಪಡೆದವರೊಬ್ಬರು ಮೂರು ವರ್ಷ ಪೀಠದಲ್ಲಿದ್ದಾರೆ. ಹುದ್ದೆ ಖಾಲಿಯಾದ ದಿನವನ್ನು ಹಿಡಿದರೆ, 2014ರಲ್ಲಿ ವಕೀಲರ ಬೆಂಚಿನಲ್ಲಿ ಕುಳಿತಿದ್ದವರು ಆಗ ಪೀಠದಲ್ಲಿದ್ದವರಿಗಿಂತ ಹಿರಿಯರಾಗುತ್ತಾರೆ. ನೇಮಕದ ದಿನವನ್ನು ಹಿಡಿದರೆ, ಪರೀಕ್ಷೆ ತಡವಾದ ತಪ್ಪಿಗೆ ಅದರಲ್ಲಿ ಯಾವ ಪಾತ್ರವೂ ಇಲ್ಲದ ಅಭ್ಯರ್ಥಿ ದಂಡ ತೆರುತ್ತಾರೆ. ತಡ ಮಾಡಿದವರು ಇಬ್ಬರೂ ಅಲ್ಲ. ಆದರೂ ನಷ್ಟ ಇಬ್ಬರಲ್ಲಿ ಒಬ್ಬರಿಗೆ ಬಂದೇ ಬರುತ್ತದೆ. ಸೇವಾ ಕಾನೂನು ಈ ನಷ್ಟವನ್ನು ಒಮ್ಮೆ ಇವರ ಮೇಲೆ, ಒಮ್ಮೆ ಅವರ ಮೇಲೆ ಹಾಕುತ್ತ ಬಂದಿದೆ.

ನ್ಯಾಯಾಂಗದ ಹೊರಗಿನ ಪ್ರಕರಣಗಳಲ್ಲೂ ಇದೇ ತೂಗಾಟ ಕಾಣುತ್ತದೆ. ಮೈಸೂರು ರಾಜ್ಯದ ಸೇವೆಯಿಂದ ಹೋದ ವಿ.ಬಿ. ಬಾದಾಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೋಟಾವನ್ನು ಕಟ್ಟುನಿಟ್ಟಾಗಿ ಎತ್ತಿಹಿಡಿಯಿತು: ತಮ್ಮ ಪಾಲನ್ನು ಮೀರಿ ಬಡ್ತಿ ಪಡೆದವರು, ತಡವಾಗಿ ಬಂದರೂ ತಮ್ಮ ಪಾಲಿನ ಹುದ್ದೆಗೇ ಬಂದ ನೇರ ನೇಮಕದವರಿಗೆ ದಾರಿ ಬಿಡಬೇಕು. 1983ರ ಎ. ಜನಾರ್ದನ ಪ್ರಕರಣ ಮಿಲಿಟರಿ ಎಂಜಿನಿಯರಿಂಗ್ ಸೇವೆಗೆ ಸೇರಿದ್ದು. ಅಲ್ಲಿ ನ್ಯಾಯಮೂರ್ತಿ ಡಿ.ಎ. ದೇಸಾಯಿ ಅವರ ಕಳಕಳಿ ಪೂರ್ತಿಯಾಗಿ ಇನ್ನೊಂದು ಕಡೆಗೆ ವಾಲಿತು. ಸಕ್ರಮವಾಗಿ ಬಡ್ತಿ ಪಡೆದು ದುಡಿಯುತ್ತಿದ್ದವರನ್ನು ಎಷ್ಟೋ ವರ್ಷಗಳ ನಂತರ ಸೇವೆಗೆ ಕಾಲಿಟ್ಟವರು ಹಿಂದಿಕ್ಕಬಾರದೆಂಬುದು ಅವರ ನಿಲುವು. 1990ರಲ್ಲಿ ಮಹಾರಾಷ್ಟ್ರದ ಎಂಜಿನಿಯರುಗಳ ಪ್ರಕರಣದಲ್ಲಿ ಸಂವಿಧಾನ ಪೀಠ ಸಾರರೂಪದ ಸೂತ್ರಗಳನ್ನೇನೋ ಕೊಟ್ಟಿತು. ನಿಯಮದಂತೆ ನೇಮಕವಾದವರ ಜ್ಯೇಷ್ಠತೆ ನೇಮಕದ ದಿನದಿಂದ ಎಂಬುದು ಅದರ ತಿರುಳು. ಆ ಮೇಲೂ ವ್ಯಾಜ್ಯ ನಿಲ್ಲಲಿಲ್ಲ.

ಈ ಹಿನ್ನೆಲೆಯಲ್ಲಿ ಮೊದಲ ರಾಷ್ಟ್ರೀಯ ನ್ಯಾಯಾಂಗ ವೇತನ ಆಯೋಗದ ಕೆಲಸಕ್ಕೆ ಮಹತ್ವವಿದೆ. ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಯಾಗಿದ್ದು ಸುಪ್ರೀಂ ಕೋರ್ಟಿಗೆ ಏರಿದ ಕೆ. ಜಗನ್ನಾಥ ಶೆಟ್ಟಿ ಅದರ ಅಧ್ಯಕ್ಷರು; ವರದಿ ಬಂದದ್ದು 1999ರಲ್ಲಿ. ಆ ವರದಿಯನ್ನು ಪರಿಶೀಲಿಸಿದ ಸುಪ್ರೀಂ ಕೋರ್ಟ್ 2002ರ ಮಾರ್ಚ್‌ನಲ್ಲಿ ಅಖಿಲ ಭಾರತ ನ್ಯಾಯಾಧೀಶರ ಸಂಘದ ಪ್ರಕರಣದಲ್ಲಿ ಪಾಲುಗಳನ್ನು ನಿಗದಿಪಡಿಸಿತು: ಅರ್ಹತೆ ಮತ್ತು ಜ್ಯೇಷ್ಠತೆಯ ಬಡ್ತಿಗೆ ಶೇ 50, ಇಲಾಖಾ ಪರೀಕ್ಷೆಗೆ ಶೇ 25, ನೇರ ನೇಮಕಾತಿಗೆ ಶೇ 25. ಮೂರು ದಶಕಗಳ ಅಸಮಾಧಾನವನ್ನು ನೆನೆದು, ನಲವತ್ತು ಬಿಂದುಗಳ ರೋಸ್ಟರ್, ಅಂದರೆ ಸರದಿ ಪಟ್ಟಿ, ಬಂದರೆ ವಿವಾದ ಮುಗಿದೀತೆಂದು ಆಶಿಸಿತು. ಪರೀಕ್ಷೆಯ ಪಾಲಿಗೆ ಸಾಕಷ್ಟು ಅಭ್ಯರ್ಥಿಗಳು ಸಿಗದ ಕಾರಣ 2010ರಲ್ಲಿ ಅದನ್ನು ಶೇ 10ಕ್ಕೆ ಇಳಿಸಿ ಬಡ್ತಿಯನ್ನು ಶೇ 65ಕ್ಕೆ ಏರಿಸಲಾಯಿತು. 2025ರ ಮೇ ತಿಂಗಳಲ್ಲಿ ಪರೀಕ್ಷೆಯ ಪಾಲು ಮತ್ತೆ ಶೇ 25. ಪಾಲು ಎರಡು ಬಾರಿ ಬದಲಾದ ಸೇವೆಯಲ್ಲಿ ಹಳೆಯ ಪಟ್ಟಿಯನ್ನು ಹೊಸ ಪಟ್ಟಿಗೆ ಜೋಡಿಸುವವರ ಕಷ್ಟ ದೊಡ್ಡದು.

ಇದರ ಜೊತೆಗೆ ತ್ವರಿತಗತಿ ನ್ಯಾಯಾಲಯಗಳ ತೊಡಕು ಬಂತು. ಹನ್ನೊಂದನೆಯ ಹಣಕಾಸು ಆಯೋಗ 502.90 ಕೋಟಿ ರೂಪಾಯಿ ನೆರವಿನಲ್ಲಿ 1,734 ಇಂಥ ನ್ಯಾಯಾಲಯಗಳನ್ನು ಯೋಜಿಸಿತ್ತು. ಅಲ್ಲಿ ಅಡ್‌ಹಾಕ್ ಆಗಿ ಕುಳಿತವರು ಆ ಸೇವೆಯನ್ನು ಜ್ಯೇಷ್ಠತೆಗೆ ಎಣಿಸಬೇಕೆಂದು ಕೇಳಿದರು. 2020ರಲ್ಲಿ ರಾಜಸ್ಥಾನದ ದಿನೇಶ್ ಕುಮಾರ್ ಗುಪ್ತ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ವೃಂದದ ಹೊರಗಿನ ತಾತ್ಕಾಲಿಕ ಯೋಜನೆಯ ಹುದ್ದೆ ಎಂಬ ತರ್ಕ ಕಾನೂನಿನಲ್ಲಿ ಸರಿ. ಆದರೂ ಸತ್ರ ಮೊಕದ್ದಮೆಗಳನ್ನು ವಿಲೇವಾರಿ ಮಾಡಿದ ಆ ವರ್ಷಗಳು ಯಾವ ಲೆಕ್ಕಕ್ಕೂ ಸೇರದೆ ಹೋದದ್ದು ನನ್ನನ್ನು ಕಾಡುತ್ತದೆ.

2025ರ ನವೆಂಬರ್ 19ರ ಸಂವಿಧಾನ ಪೀಠದ ತೀರ್ಪು ಈ ಕಥೆಯ ಇತ್ತೀಚಿನ ಘಟ್ಟ. ಬಡ್ತಿಯವರು ಮೇಲಿನ ಶ್ರೇಣಿಗಳನ್ನು ತಲುಪುತ್ತಿಲ್ಲವಾದ್ದರಿಂದ ಅವರಿಗೆ ಅಲ್ಲಿ ಪ್ರತ್ಯೇಕ ಪಾಲು ಬೇಕೆಂಬ ವಾದವನ್ನು ಪೀಠ ತಳ್ಳಿಹಾಕಿತು. ವೃಂದದೊಳಗೆ ಬಂದ ಮೇಲೆ ಬಂದ ದಾರಿಯ ಗುರುತು ಅಳಿಯುತ್ತದೆ, ಕೆಳಗಿನ ಹುದ್ದೆಯಲ್ಲಿ ಕಳೆದ ವರ್ಷಗಳನ್ನು ಮೇಲೆ ಎಣಿಸಲಾಗದು ಎಂದಿತು. ನಾಲ್ಕು ಬಿಂದುಗಳ ವಾರ್ಷಿಕ ರೋಸ್ಟರನ್ನು ಕೊಟ್ಟಿತು: ಇಬ್ಬರು ಬಡ್ತಿಯವರು, ಒಬ್ಬರು ಪರೀಕ್ಷೆಯವರು, ಒಬ್ಬರು ನೇರ ನೇಮಕದವರು, ಮತ್ತೆ ಅದೇ ಕ್ರಮ. ನನ್ನ ಓದಿನಲ್ಲಿ ಈ ತೀರ್ಪಿನ ಜೀವಾಳ ಅನುಪಾತದಲ್ಲಿಲ್ಲ, ‘ವಾರ್ಷಿಕ’ ಎಂಬ ಪದದಲ್ಲಿದೆ. ಒಂದು ವರ್ಷ ಆರಂಭವಾದ ನೇಮಕಾತಿ ಪ್ರಕ್ರಿಯೆ ಮುಂದಿನ ವರ್ಷಕ್ಕೆ ಚಾಚಿದರೆ, ಮುಂದಿನ ವರ್ಷದ ಪ್ರಕ್ರಿಯೆಯಲ್ಲಿ ಯಾವ ಮೂಲದಿಂದಲೂ ನೇಮಕವಾಗಿಲ್ಲದಿದ್ದಲ್ಲಿ ಮಾತ್ರ ಹಿಂದಿನ ವರ್ಷದ ಸ್ಥಾನ ಸಿಗುತ್ತದೆ. ಪ್ರಕ್ರಿಯೆಯೇ ಆರಂಭವಾಗದ ಹುದ್ದೆಗೆ ನಂತರ ಬಂದವರಿಗೆ ನೇಮಕವಾದ ವರ್ಷದ ಸ್ಥಾನ. ನನ್ನ ಉದಾಹರಣೆಯ 2017ರ ಅಭ್ಯರ್ಥಿ ಇನ್ನು 2013ನ್ನು ಕೇಳುವಂತಿಲ್ಲ. ಖಾಲಿಯಾದ ದಿನ, ನೇಮಕದ ದಿನ ಎಂಬ ಹಳೆಯ ಎರಡು ತುದಿಗಳ ನಡುವೆ ಪೀಠ ಮೂರನೆಯ ದಿನವೊಂದನ್ನು ನೆಟ್ಟಿದೆ, ಪ್ರಕ್ರಿಯೆ ಆರಂಭವಾದ ದಿನ.

ಆ ದಿನವನ್ನು ನಿರ್ಧರಿಸುವವರು ಯಾರು? ಖಾಲಿ ಹುದ್ದೆ ಎಣಿಸುವುದು, ಪರೀಕ್ಷೆ ನಡೆಸುವುದು, ಪಟ್ಟಿ ತಯಾರಿಸುವುದು ಎಲ್ಲವೂ ಹೈಕೋರ್ಟಿನ ಆಡಳಿತ ವಿಭಾಗದ ಕೆಲಸ. ಆಕ್ಷೇಪ ಬಂದರೆ ಕೇಳಬೇಕಾದದ್ದೂ ಅದೇ ಹೈಕೋರ್ಟಿನ ಪೀಠ. ಸಿಂಗ್ಲಾ, ಸೇನ್ ಅರ್ಜಿಗಳು ನೇರವಾಗಿ ಸುಪ್ರೀಂ ಕೋರ್ಟಿಗೆ ಹೋದದ್ದನ್ನು ನೆನೆದರೆ ಈ ಮುಜುಗರ ಹೊಸದಲ್ಲವೆಂದು ತಿಳಿಯುತ್ತದೆ. ಖಾಲಿ ಹುದ್ದೆಗಳನ್ನು ವರ್ಷವರ್ಷವೂ ತುಂಬಲು ಮಲಿಕ್ ಮಜರ್ ಸುಲ್ತಾನ್ ಪ್ರಕರಣದಲ್ಲಿ 2007ರ ಜನವರಿಯಲ್ಲೇ ತಿಂಗಳವಾರು ವೇಳಾಪಟ್ಟಿ ಹಾಕಿಕೊಡಲಾಗಿತ್ತು. ಅದು ಎಲ್ಲೆಡೆ ಪಾಲನೆಯಾಗಿದ್ದರೆ 2025ರ ಪೀಠದ ಮುಂದಿದ್ದ ಎಷ್ಟೋ ಪ್ರಶ್ನೆಗಳು ಹುಟ್ಟುತ್ತಲೇ ಇರಲಿಲ್ಲ. ಹೊಸ ರೋಸ್ಟರಿಗೆ ತಕ್ಕಂತೆ ಮೂರು ತಿಂಗಳಲ್ಲಿ ನಿಯಮ ತಿದ್ದಬೇಕೆಂದು ರಾಜ್ಯಗಳಿಗೆ ಆದೇಶವಾಗಿದೆ. ಆ ತಿದ್ದುಪಡಿಯಲ್ಲಿ ಇನ್ನೊಂದು ಸಾಲು ಸೇರಬೇಕು: ಜ್ಯೇಷ್ಠತಾ ಪಟ್ಟಿಯ ಪ್ರತಿ ಹೆಸರಿನ ಎದುರು ಆ ಹುದ್ದೆ ಖಾಲಿಯಾದ ದಿನ, ಅಧಿಸೂಚನೆಯ ದಿನ, ನೇಮಕದ ದಿನ ಮೂರನ್ನೂ ಅಚ್ಚು ಹಾಕಬೇಕು. ಎಷ್ಟು ತಡವಾಯಿತು, ಯಾವ ಹಂತದಲ್ಲಿ ಎಂಬುದು ಆಗ ಪಟ್ಟಿ ಓದುವ ಪ್ರತಿಯೊಬ್ಬ ಅಧಿಕಾರಿಗೂ ಕಾಣುತ್ತದೆ.